ಗಾಳಿಯ ಪೈಪಿನಲ್ಲಿ ಎಣ್ಣೆ

ನಮ್ಮ ಲಾರಿ ನನಗಿಂತ ಸ್ವಲ್ಪ ದೊಡ್ಡದು. ವಯಸ್ಸಿನಲ್ಲೂ, ಮನೆಯಲ್ಲಿ ಸಿಗುವ ಮರ್ಯಾದೆಯಲ್ಲೂ. ಅಪ್ಪ ನನ್ನನ್ನು ಬೈದು ಎಬ್ಬಿಸುತ್ತಾನೆ, ಅದನ್ನು ಸವರಿ ಎಬ್ಬಿಸುತ್ತಾನೆ. ಅಂಥ ಲಾರಿಯನ್ನು ಗುಜರಿಗೆ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಆ ಬೆಳಿಗ್ಗೆ ಮುಗದ ಊರಿನ ನಮ್ಮ ಮನೆಯ ಮುಂದೆ ಅಪ್ಪ, ದೊಡ್ಡಪ್ಪ, ಲಾರಿ ರಿಪೇರಿಯ ಮಿಸ್ತ್ರಿ ಕಾಕಾ ಮತ್ತು ತಾರಿಹಾಳದ ಗುಜರಿಯವರೊಬ್ಬರು ಸೇರಿದ್ದರು. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಅವರ ದುರದೃಷ್ಟ.

ಹಿಂದಿನ ದಿನ ಕೇಶ್ವಾಪುರದಲ್ಲಿ ಅಕ್ಕಿ ಇಳಿಸಿ ಬರುವಾಗ, ಅಪ್ಪ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಮೇಲೂ ಎಂಜಿನ್ ತಾನಾಗಿಯೇ ಏರತೊಡಗಿತ್ತು. ಬಂದ್ ಮಾಡುವ ಹಿಡಿ ಎಳೆದರೂ ನಿಲ್ಲಲಿಲ್ಲ. ಹಿಂದೆ ಎದ್ದ ನೀಲಿ ಹೊಗೆಯಲ್ಲಿ ಕೇಶ್ವಾಪುರದ ಅರ್ಧ ಅಂಗಡಿಗಳು ಮಾಯವಾಗಿದ್ದವಂತೆ. ಅಪ್ಪ ಟಾಪ್ ಗೇರಿಗೆ ಹಾಕಿ, ಬ್ರೇಕ್ ಮೇಲೆ ನಿಂತು, ಕ್ಲಚ್ ಬಿಟ್ಟು ಅದರ ಉಸಿರು ಕಟ್ಟಿಸಿದ್ದ. ಗಾಳಿಯ ಜೊತೆ ಎಣ್ಣೆ ಒಳಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ಓಡುತ್ತದೆ. ಎಣ್ಣೆ ತೀರಬೇಕು, ಇಲ್ಲವೇ ಎಂಜಿನ್ ಒಡೆಯಬೇಕು.

ಲಾರಿ ಓಡಿಸುವುದು ಅಪ್ಪ, ಆದರೆ ಅದು ದೊಡ್ಡಪ್ಪನ ಹೆಸರಿನಲ್ಲಿದೆ.

"ಟರ್ಬೊ ಹೋಗಿದ್ರ ಮುಗೀತು ತಮ್ಮಾ. ಇವತ್ತ ಕೊಟ್ಟಬಿಡೂದು," ಎಂದ ದೊಡ್ಡಪ್ಪ.

ಮಿಸ್ತ್ರಿ ಕಾಕಾ ಗಾಳಿಯನ್ನು ಒತ್ತಿ ಕಳಿಸುವ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಪೈಪ್ ಬಿಚ್ಚಿ ಬೆರಳು ಹಾಕಿದರು. ಬೆರಳು ಎಣ್ಣೆಯಲ್ಲಿ ಅದ್ದಿದ ಮಿರ್ಚಿ ಭಜಿಯಂತೆ ಹೊರಬಂತು. ಟರ್ಬೊ ಕೆಟ್ಟರೆ ಎಣ್ಣೆ ಕಾರುವುದು ಈ ಪೈಪಿಗೇ; ಅಪ್ಪನ ಮುಖ ಬಿಳಚಿಕೊಂಡಿತು. ಗುಜರಿಯವರು ಆಗಲೇ ಬಗ್ಗಿ ಚಾಸಿ ತಟ್ಟಿ ನೋಡುತ್ತಿದ್ದರು.

"ಟರ್ಬೊಕ್ಕಿಂತ ಮೊದಲಿನ ಪೈಪ್ ನೋಡ್ರಿ ಕಾಕಾ," ಎಂದೆ ನಾನು.

"ಏ, ನೀ ಒಳಗ ಹೋಗಿ ಚಾ ಮಾಡು," ಎಂದ ದೊಡ್ಡಪ್ಪ.

"ಎರಡ ಸಲ ಕುಡದೀರಿ ದೊಡ್ಡಪ್ಪಾ. ಮೂರನೇದು ಕುಡದ್ರ ನೀವೂ ರೇಸ್ ಏರತೀರಿ."

ನಾನು ಹೇಳುವ ಮೊದಲೇ ಕಾಕಾ ಆ ಪೈಪಿನ ಮೇಲೆ ಬೋಲ್ಟು ಬಿಚ್ಚುವ ಪಾನಾ ಇಟ್ಟಿದ್ದರು ಎಂದು ಅಪ್ಪ ಈಗಲೂ ಹೇಳುತ್ತಾನೆ. ಶುದ್ಧ ಹೊಟ್ಟೆಕಿಚ್ಚು. ಪೈಪ್ ಕಳಚಿತು. ಅದರೊಳಗೂ ಎಣ್ಣೆ!

ಕಾಕಾ ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿದರು, ಒಳಗೆ ಹೊರಗೆ ಎಳೆದು ನೋಡಿದರು. "ಒಂಚೂರೂ ಅಲಗ್ಯಾಡವಲ್ದು. ಎಣ್ಣಿ ಟರ್ಬೊಕ್ಕ ಬರೂಕಿಂತ ಮೊದಲ ಬಂದೈತಿ. ಇದರ ತಪ್ಪಲ್ಲ ಬಿಡ್ರಿ."

ಅದಕ್ಕೂ ಹಿಂದೆ ಇರುವುದು ಗಾಳಿ ಸೋಸುವ ಡಬ್ಬಿ. ಹಳೇ ಮಾದರಿಯದು, ತಳದ ಬಟ್ಟಲಿನಲ್ಲಿ ಧೂಳು ಹಿಡಿಯಲು ಒಂದಿಷ್ಟು ಎಣ್ಣೆ, ಎಷ್ಟು ಎಂದು ತೋರಿಸಲು ಒಂದು ಗೆರೆ. ಕಾಕಾ ಬಟ್ಟಲು ಇಳಿಸಿದರು. ಗೆರೆ ಮುಳುಗಿ, ಎಣ್ಣೆ ಅಂಚಿನವರೆಗೆ ತುಳುಕುತ್ತಿತ್ತು.

"ಇದಕ್ಕ ಎಣ್ಣಿ ಯಾರ ಹಾಕಿದ್ರಿ?" ಎಂದರು ಕಾಕಾ.

ಮೊನ್ನೆ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಅಂದು ಪೂಜೆಯಾದ ಮೇಲೆ ಯಾವ ಪಾತ್ರೆಯೂ ಅರ್ಧ ಇರಬಾರದು. ಕೊಡ, ದೀಪ, ಅಕ್ಕಿ ಡಬ್ಬಿ, ಎಲ್ಲವನ್ನೂ ದೊಡ್ಡಪ್ಪನೇ ತನ್ನ ಕೈಯಾರೆ ತುಂಬುತ್ತಾನೆ. ಈ ಸಲ ಲಾರಿ ಪೂಜೆಯನ್ನೂ ಅವನೇ ಮಾಡಿದ್ದ.

"ಅಮಾಸಿ ದಿನ ಬಟ್ಟಲಾ ಅರ್ಧಾ ಇಡಬಾರ್ದಲ್ಲೊ..." ದೊಡ್ಡಪ್ಪನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು.

"ಅಣ್ಣಾರ, ಇದು ನಂದಾದೀಪ ಅಲ್ರಿ," ಎಂದರು ಕಾಕಾ.

ನಾನು ನಗಲಿಲ್ಲ. ತುಟಿ ಕಚ್ಚಿಕೊಂಡು ನಿಂತಿದ್ದಕ್ಕೆ ನನಗೊಂದು ಶಾಲು ಹೊದಿಸಬೇಕಿತ್ತು.

ಸೋತ ದೊಡ್ಡಪ್ಪ ಇನ್ನಷ್ಟು ಬಿಗಿಯಾದ. "ಚಾಲೂ ಮಾಡಿ ತೋರ್ಸು. ಮತ್ತ ತಾನಾ ಏರಿತಂದ್ರ ಕೊಡೂದ ಖರೇ."

ಕಾಕಾ ಪೈಪುಗಳನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಬಟ್ಟಲಿಗೆ ಗೆರೆಯವರೆಗೆ ಮಾತ್ರ ಹೊಸ ಎಣ್ಣೆ ಹಾಕಿ, ಎಲ್ಲ ಜೋಡಿಸಿದರು. ಹಲಗೆಗೆ ಹಸಿ ಚೀಲ ಸುತ್ತಿ, ಗಾಳಿ ಎಳೆಯುವ ಬಾಯಿಯ ಹತ್ತಿರ ಹಿಡಿದು ನಿಂತರು. ಎಂಜಿನ್ ಹುಚ್ಚೆದ್ದರೆ ಅದರ ಬಾಯಿ ಮುಚ್ಚಬೇಕು. "ಎಲ್ಲಾರೂ ದೂರ ಸರೀರಿ!" ನಾನು ಧೈರ್ಯದಿಂದ ಹುಣಸೆ ಮರದ ಹಿಂದೆ ನಿಂತೆ.

ಅಪ್ಪ ಚಾಲೂ ಮಾಡಿದ. ಲಾರಿ ನೀಲಿ ಹೊಗೆ ಉಗುಳಿತು. ಎಂಜಿನ್ ಏರಿತು. ಇನ್ನೂ ಏರಿತು. ಕಾಕಾ ಹಲಗೆ ಎತ್ತಿದರು.

"ತಡೀರಿ!" ಅಪ್ಪ ಕಿರುಚಿದ. "ಒಂದ ಕ್ಷಣ ತಡೀರಿ ಕಾಕಾ!"

ಪೈಪಿನ ಮೂಲೆಯಲ್ಲಿ ಉಳಿದ ಎಣ್ಣೆ ಉರಿದು ತೀರಿರಬೇಕು. ಸದ್ದು ಇಳಿಯಿತು. ಸಮವಾಯಿತು. ಅಪ್ಪ ಜೋರಾಗಿ ತುಳಿದು ಕಾಲು ತೆಗೆದ, ತಕ್ಷಣ ಇಳಿಯಿತು. ಮತ್ತೊಮ್ಮೆ ತುಳಿದ. ಮತ್ತೆ ಇಳಿಯಿತು. ಸ್ಟೇರಿಂಗ್ ಮೇಲೆ ಹಣೆ ಇಟ್ಟು ಅಪ್ಪ ಹಾಗೆಯೇ ಕುಳಿತ. ಆಗ ಮಾತ್ರ ನನಗೂ ತಮಾಷೆ ಹೊಳೆಯಲಿಲ್ಲ.

ದೊಡ್ಡಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಇರ್ಲಿ ಬಿಡು. ಓಡಸು."

ಗುಜರಿಯವರು ಕೈ ಒರೆಸಿಕೊಳ್ಳುತ್ತ, "ನಾ ಬಂದದ್ದು ದಂಡ ಆತಲ್ರಿ," ಎಂದರು.

"ಹತ್ರಿ, ತಾರಿಹಾಳಕ್ಕ ಬಿಡ್ತೇನಿ," ಎಂದ ಅಪ್ಪ.

ಅವರು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ಮುಗದದಲ್ಲೇ ಉಳಿಸಿಕೊಂಡು ಕೇಳಿದರು, "ದಾರ್ಯಾಗ ನಡಬರಕ ತಾನಾ ಏರೂದಿಲ್ಲಲ್ರಿ?"

ಅಪ್ಪ ಫಸ್ಟ್ ಗೇರ್ ಹಾಕಿದ.