ಕಿಂಡಿ ಡಾಕ್ಟರು

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಬಿಟ್ಟು ಲಿವರಿನ ಗೆಡ್ಡೆ ತೆಗೆಯುವ ಇವರಿಗೆ ಆಸ್ಪತ್ರೆಯವರು ಇಟ್ಟ ಹೆಸರು ಕಿಂಡಿ ಡಾಕ್ಟರು. ಈ ವಿದ್ಯೆ ಈಗ ದೇಶದೇಶಗಳಲ್ಲೂ ಹಬ್ಬಿದೆ. ಆದರೂ ಲೋಕದ ಮೊದಲ ತೂತು ಕೊರೆದವರೇ ತಾವು ಎನ್ನುವ ಗತ್ತು ಇವರ ನಡಿಗೆಯಲ್ಲಿದೆ. ಊಟಕ್ಕೆ ಕೂತಲ್ಲಿ ಪಕ್ಕದವರ ಕಿತ್ತಳೆಯನ್ನು ಎಳೆದುಕೊಂಡು, ಪೆನ್ನಿನಿಂದ ತೂತು ಹಾಕಿ ಪಾಠ ಶುರುಮಾಡುತ್ತಾರೆ. ಹಣ್ಣಿನ ಒಡೆಯ ಅಂದು ಹಣ್ಣಿನ ಆಸೆ ಬಿಟ್ಟಂತೆಯೇ. ಹೊಟ್ಟೆ ತೆರೆದು ಆಪರೇಷನ್ ಮಾಡುವ ಹಳಬರ ಮಾತೆತ್ತಿದರೆ, "ಪಾಪ, ಗುಬ್ಬಿ ಹಿಡಿಯೋಕೆ ಗೋಡೆ ಒಡೀತಾರೆ" ಎಂದು ಮರುಗುತ್ತಾರೆ. "ಇವರ ಕಣ್ಣೆದುರು ಬೀರು ಬಾಗಿಲನ್ನೂ ಪೂರ್ತಿ ತೆಗೆಯೋ ಹಾಗಿಲ್ಲ ಕಣ್ರೀ" ಎನ್ನುವುದು ಹೆಂಡತಿಯ ದೂರು. ಮೊನ್ನೆ ಹಲವು ದೇಶಗಳ ಸರ್ಜನ್ನರು ಇವರ ಕೈಚಳಕವನ್ನು ಪರದೆಯ ಮೇಲೆ ನೇರವಾಗಿ ನೋಡುತ್ತಿದ್ದರು. ಮೇಜಿನ ಮೇಲೆ ಮಲಗಿದ್ದವನು ಒಬ್ಬ ಬಸ್ ಡ್ರೈವರು. ಅರ್ಧ ಕೆಲಸ ಮುಗಿದಾಗ ರಕ್ತನಾಳವೊಂದು ಹರಿದು ಪರದೆಯೆಲ್ಲ ಕೆಂಪಾಯಿತು. ಕಿಂಡಿ ಡಾಕ್ಟರು ಕ್ಷಣವೂ ಯೋಚಿಸಲಿಲ್ಲ. "ಸಿಸ್ಟರ್, ದೊಡ್ಡ ಚಾಕು ಕೊಡಿ" ಎಂದವರೇ ಹೊಟ್ಟೆಯನ್ನು ಉದ್ದಕ್ಕೆ ತೆರೆದು, ನಾಳವನ್ನು ಬೆರಳಿನಿಂದ ಅದುಮಿ ಹಿಡಿದು, ರಕ್ತ ನಿಲ್ಲಿಸಿದರು. ಡ್ರೈವರನ ಜೀವ ಉಳಿಯಿತು. ಕೈ ತೊಳೆಯುವಾಗ ಸಹಾಯಕ ಹತ್ತಿರ ಬಂದು, "ಸಾರ್, ನೇರ ನೋಡಿದವರು ನೋಡಿದ್ರು, ಆಮೇಲೆ ಎಲ್ಲರಿಗೂ ಕಳಿಸೋ ವಿಡಿಯೋದಿಂದ ಆ ಭಾಗಾನ ಕತ್ತರಿಸಿಬಿಡೋಣ" ಎಂದು ಪಿಸುಗುಟ್ಟಿದ. "ಬೇಕಾದ್ರೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಯ್ಯ" ಎಂದರು ಅವರು. "ನಾಳೆ ಅದನ್ನ ನೋಡೋ ಸರ್ಜನ್ನರ ಮೇಜಿನ ಮೇಲೂ ಒಬ್ಬ ಡ್ರೈವರು ಮಲಗಿರ್ತಾನೆ."