ಉಮ್ಮನ ಮಧ್ಯಾಹ್ನದ ಶುಗರ್

ತೊಂಬತ್ತಾರು ದೊಡ್ಡದೋ, ನೂರ ನಾಲ್ಕು ದೊಡ್ಡದೋ? ನಗಬೇಡಿ. ಕಳೆದ ರವಿವಾರ ನನ್ನ ಲ್ಯಾಪ್‌ಟಾಪ್ ತೊಂಬತ್ತಾರೇ ದೊಡ್ಡದು ಎಂದು ಹಟ ಹಿಡಿದು ಕೂತಿತ್ತು.

ವಾಮಂಜೂರಿನ ಕಾಲೇಜೊಂದರಲ್ಲಿ 'ಆರ್' ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಕಲಿಸುವವಳು ನಾನು. ನನಗೇ ಈ ಅವಸ್ಥೆ!

ವಿಷಯ ಇಷ್ಟು. ರಂಜಾನ್ ಹತ್ತಿರ ಬಂತು. ನನ್ನ ಉಮ್ಮನಿಗೆ, ಅಂದರೆ ಅಮ್ಮನಿಗೆ, ಶುಗರ್. ಆದರೂ ಅವರಿಗೆ ನೋಂಬು (ಅದೇ, ಉಪವಾಸ) ಹಿಡಿಯಲೇಬೇಕು. "ಕಳೆದ ವರ್ಷ ನೋಂಬಿನಲ್ಲಿ ಶುಗರ್ ತೀರಾ ಇಳಿದಿತ್ತಾ ನೋಡಿ ಹೇಳಿ" ಎಂದಿದ್ದರು ಡಾಕ್ಟರು.

ನೋಡುವುದಕ್ಕೇನು ಕಷ್ಟ? ಕಳೆದ ವರ್ಷದ ರೀಡಿಂಗ್ ಎಲ್ಲ ನನ್ನ ಹತ್ತಿರವೇ ಇತ್ತು. ಉಮ್ಮ ಮನೆಯಲ್ಲೇ ಬೆರಳು ಚುಚ್ಚಿ ನೋಡುತ್ತಿದ್ದರು, ನಾನು ಸಂಜೆ ಕೇಳಿ ಬರೆದಿಡುತ್ತಿದ್ದೆ. ಅದನ್ನೆಲ್ಲ ಒಂದು ಮ್ಯಾಟ್ರಿಕ್ಸ್ ಮಾಡಿದೆ. ದಿನಕ್ಕೊಂದು ಸಾಲು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಒಂದೊಂದು ಕಾಲಂ. ಎಲ್ಲಕ್ಕಿಂತ ಕಡಿಮೆ ಯಾವುದು ಎಂದರೆ ಲ್ಯಾಪ್‌ಟಾಪ್ ನೂರ ನಾಲ್ಕು ಎಂದಿತು. ಕಣ್ಣೆದುರೇ ತೊಂಬತ್ತಾರು ಕಾಣುತ್ತಿದೆ!

ಆಮೇಲೆ ಹೊಳೆಯಿತು. ಕೆಲವು ಮಧ್ಯಾಹ್ನಗಳಲ್ಲಿ ಸಂಖ್ಯೆಯ ಬದಲು 'ನೋಂಬು' ಎಂದು ಬರೆದಿದ್ದೆ. ಮ್ಯಾಟ್ರಿಕ್ಸ್ ಒಳಗೆ ಎಲ್ಲ ಒಂದೇ ಜಾತಿಯದಾಗಿರಬೇಕು. ಒಂದು ಕಡೆ ಶಬ್ದ ನುಗ್ಗಿದರೆ ಸಂಖ್ಯೆಗಳೂ ಶಬ್ದಗಳಾಗುತ್ತವೆ. ಮತ್ತೆ ಹೋಲಿಸುವುದು ಮೊದಲ ಅಕ್ಷರ ನೋಡಿಕೊಂಡು: ಒಂದರಿಂದ ಶುರುವಾದ 104 ಚಿಕ್ಕದು, ಒಂಬತ್ತರಿಂದ ಶುರುವಾದ 96 ದೊಡ್ಡದು.

ಸರಿ, ಎಲ್ಲವನ್ನೂ ಸಂಖ್ಯೆಗೆ ತಿರುಗಿಸು ಎಂದೆ. ತಿರುಗಿಸಿತು. ತಿರುಗದ 'ನೋಂಬು'ಗಳನ್ನೆಲ್ಲ ಖಾಲಿ ಎಂದು ಗುರುತು ಮಾಡಿ, ಕೆಂಪಕ್ಷರದಲ್ಲಿ ಒಂದು ವಾರ್ನಿಂಗ್ ಕೊಟ್ಟಿತು. (ವಾರ್ನಿಂಗ್ ಯಾರು ಓದುತ್ತಾರೆ? ನೀವು ಓದುತ್ತೀರಾ?) ಖಾಲಿ ಜಾಗ ಬಿಟ್ಟು ಲೆಕ್ಕ ಹಾಕು ಎಂದೆ. ಎಲ್ಲಕ್ಕಿಂತ ಕಡಿಮೆ ತೊಂಬತ್ತಾರು; ಎಪ್ಪತ್ತರ ಕೆಳಗಿಳಿದರಷ್ಟೇ ಅಪಾಯ. ಭೇಷ್!

"ಉಮ್ಮ, ಹೆದರಿಕೆ ಇಲ್ಲ" ಎಂದು ಕೂಗಿ ಹೇಳಿದೆ. ಅವರ ಮುಖ ನೋಡಬೇಕಿತ್ತು. ಆಗಲೇ ಸಂಜೆ ನೋಂಬು ಬಿಡುವ ಖರ್ಜೂರದ ಮಾತು ಶುರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟ ಬಸ್ಸು ಪಂಪ್‌ವೆಲ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಕೂತಲ್ಲಿ ಕೂರಲಾಗುತ್ತಿಲ್ಲ. ಏನೋ ಕೊರೆಯುತ್ತಿದೆ. ಡಾಕ್ಟರು ಕೇಳಿದ್ದು ನೋಂಬಿನ ಹೊತ್ತಿನ ಶುಗರ್. ನಾನು ಲೆಕ್ಕದಿಂದ ಬಿಟ್ಟದ್ದು ಯಾವುದನ್ನು? ಆ ಮಧ್ಯಾಹ್ನಗಳನ್ನೇ! ಅಯ್ಯೋ ದೇವರೇ. ಕುಲಶೇಖರದಲ್ಲಿ ಇಳಿದು, ಕಾಲೇಜಿಗೆ ರಜೆ ಹೇಳಿ, ವಾಪಸು ಬಸ್ಸು ಹತ್ತಿದೆ.

ಉಮ್ಮ ಅಡುಗೆಮನೆಯಲ್ಲಿ ಅಕ್ಕಿ ಹಿಟ್ಟು ಹುರಿಯುತ್ತಿದ್ದರು. (ನಾವು ಮಾತಾಡಿದ್ದು ನಮ್ಮ ಬ್ಯಾರಿ ಭಾಷೆಯಲ್ಲಿ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.)

"ಉಮ್ಮ, ಕಳೆದ ನೋಂಬಿನಲ್ಲಿ ಮಧ್ಯಾಹ್ನ ನೀವು ಚುಚ್ಚಿ ನೋಡ್ಲೇ ಇಲ್ವಾ?"

"ನೋಡಿದ್ದೆ."

"ಎಷ್ಟಿತ್ತು?"

ಸೌಟು ನಿಂತಿತು. "ಒಂದು ದಿನ ಐವತ್ತೆಂಟು. ಕೈ ನಡುಗ್ತಾ ಇತ್ತು."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದಾಗ ನೋಂಬು ಅಂತ ಹೇಳಿದೆ. ಸುಳ್ಳಾ ಅದು? ನಂಬರ್ ಹೇಳಿದ್ರೆ ನೀನು ನೋಂಬು ಬಿಡಿಸ್ತಿದ್ದಿ. ಮನೆಯವರೆಲ್ಲ ನೋಂಬಲ್ಲಿರುವಾಗ ನಾನೊಬ್ಬಳು ಬಾಗಿಲು ಹಾಕಿ ಊಟ ಮಾಡ್ಬೇಕಾ?"

ಸಿಟ್ಟು ನೆತ್ತಿಗೇರಿತು. ಅವರ ಕಣ್ಣು ನೋಡಿ ಇಳಿಯಿತು. ನಾವೂ ಮನೆಯಲ್ಲಿ ಹೀಗೇ ಅಲ್ಲವೇ? ಸಂಖ್ಯೆ ಕೇಳುತ್ತೇವೆ, ಶಬ್ದ ಬಂದರೆ ಖಾಲಿ ಎಂದುಕೊಂಡು ಮುಂದೆ ಹೋಗುತ್ತೇವೆ.

ಹೊರಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಐವತ್ತೆಂಟು ಎಂದದ್ದೇ ತಡ, "ಈ ಸಲ ಬೇಡವೇ ಬೇಡ" ಎಂದರು.

ಫೋನ್ ಇನ್ನೂ ಕೈಯಲ್ಲಿದೆ. ಒಳಗಿನಿಂದ ಉಮ್ಮ ಕೇಳುತ್ತಿದ್ದಾರೆ: "ಎಂತ ಹೇಳಿದ್ರು? ಹಿಡೀಬಹುದಂತಾ?"