ಕಮಲಕ್ಕ ಕೇಳಿದ ಹಂಬಲ

ಬೆಳ್ಳಾರೆಯ ಅಡುಗೆಮನೆಯಲ್ಲಿ ಆ ಬೆಳಿಗ್ಗೆ ಮೂವರಿದ್ದೆವು: ಅಮ್ಮನ ತಂಗಿಯಾದ ನನ್ನ ಚಿಕ್ಕಮ್ಮ, ಸಾಮಾನು ತಂದುಕೊಟ್ಟು ಹೊರಡದೆ ಉಳಿದ ನಾನು, ಮತ್ತು ಒಲೆ ಹಚ್ಚದೆ ಮಣೆಯ ಮೇಲೆ ಕೂತಿದ್ದ ಕಮಲಕ್ಕ. ಅಗೆಲಿನ ಅಡುಗೆಗೆಂದು ಮನೆಮನೆಗೆ ಹೋಗುವವರು ಅವರು. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಕೊಂಡವರಿಗೆ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವಲ್ಲ, ಅದೇ ಅಗೆಲು. ಚಿಕ್ಕಪ್ಪ ಹೋದ ಮೇಲೆ ಅದು ಮೊದಲನೆಯದು.

ಯಾವ ಮನೆಯಲ್ಲಾದರೂ ಕಮಲಕ್ಕ ಮೊದಲು ಕೇಳುವುದು ಒಂದೇ. “ಅವರಿಗೆ ಎಂತದ್ದು ಹಂಬಲ ಇತ್ತು?”

“ಕೋಳಿ ಸುಕ್ಕ,” ಎಂದರು ಚಿಕ್ಕಮ್ಮ.

“ಅದು ಇಷ್ಟ. ವಾರ ವಾರ ತಿಂದದ್ದು. ನಾನು ಕೇಳಿದ್ದು ಹಂಬಲ.”

ಶಾಲೆಗೆ ಹೋದದ್ದು ಎರಡೇ ವರ್ಷವಾದರೂ ಕಮಲಕ್ಕನಿಗೆ ಈ ಒಂದು ಮಾತಿನ ಬಗ್ಗೆ ಭಾರೀ ಕಟ್ಟುನಿಟ್ಟು. ಹಿಂದೊಮ್ಮೆ ನಾನು ಚಹಾದ ಹಂಬಲವಾಗಿದೆ ಅಂದಿದ್ದೆ. “ಚಹಾಕ್ಕೆ ಎಂತ ಹಂಬಲ ಮಾರಾಯ? ಗ್ಯಾಸ್ ಹಚ್ಚಿದ್ರೆ ಆಯ್ತು. ಅಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಗ್ಲಾಸಿಗೆ ಹೊಯ್ಬೇಡ,” ಅಂದಿದ್ದರು.

ಹಾಗಾದರೆ ಅದನ್ನು ಯಾವುದಕ್ಕೆ ಬಳಸುವುದು? ನನ್ನ ಬಹುದಿನದ ಕುತೂಹಲ. ಈಗ ಕೇಳಿಯೇಬಿಟ್ಟೆ.

“ಆಸೆ ಇದ್ದವ ಬಾಯಿಬಿಟ್ಟು ಕೇಳ್ತಾನೆ. ಹಂಬಲ ಇದ್ದವ ಅದರ ಹೆಸರೇ ಎತ್ತುದಿಲ್ಲ, ಸುತ್ತುಮುತ್ತಲಿನದ್ದು ಕೇಳುದು. ಕಡಬದಲ್ಲಿ ಒಬ್ಬರಿದ್ರು, ಮಗಳು ಮಾತು ಬಿಟ್ಟಿದ್ದಳು. ಅವಳ ಊರಿನ ಜೀಪು ಬಂದ್ರೆ ಸಾಕು, ಡ್ರೈವರನ ಹತ್ರ ಹೋಗಿ, ಅಲ್ಲಿ ರಸ್ತೆ ಹೇಗುಂಟು ಅಂತ.”

ಚಿಕ್ಕಮ್ಮ ಕೈಯಲ್ಲಿದ್ದ ತೆಂಗಿನಕಾಯಿ ಕೆಳಗಿಟ್ಟರು.

“ನಾನು ಹುರುಳಿ ಸಾರು ಮಾಡಿದಾಗೆಲ್ಲ, ಎಂತದ್ದೋ ಕಮ್ಮಿ ಉಂಟು ಅಂತಿದ್ರು ಇವರು. ಎಂತದ್ದು ಅಂತ ಹೇಳ್ಲಿಲ್ಲ.” ಮತ್ತೆ ಮೆಲ್ಲಗೆ, “ಇವರನ್ನು ಸಾಕಿದ್ದು ಇವರ ಅಕ್ಕ, ಸವಣೂರಿನ ಅತ್ತಿಗೆ.”

“ಹಾಗಾದ್ರೆ ಹುರುಳಿ ಸಾರೇ ಮಾಡಿ ಕಮಲಕ್ಕ,” ಎಂದೆ ನಾನು.

“ನಾನು ಮಾಡಿದ್ರೂ ಕಮ್ಮಿಯೇ.”

ಚಿಕ್ಕಮ್ಮನಿಗೆ ಆ ಅತ್ತಿಗೆಯ ಜೊತೆ ಮಾತಿಲ್ಲದೆ ಒಂಬತ್ತು ವರ್ಷವಾಗಿತ್ತು. “ಮದುವೆ ಊಟದ ಪಂಕ್ತಿಯಲ್ಲಿ ನಾಲ್ಕು ಜನರ ಮುಂದೆ ಅವರನ್ನು ಅಂದದ್ದು ನಾನೇ,” ಎಂದರು ಚಿಕ್ಕಮ್ಮ. “ತಮ್ಮ ಸತ್ತಾಗಲೂ ಅಂಗಳದಿಂದಲೇ ಹೋದ್ರು. ಈಗ ಕರೆದ್ರೆ ಬರ್ತಾರಾ?”

“ಅದು ನಂಗೆ ಹೇಗೆ ಗೊತ್ತು ಮಾರಾಯ್ತಿ? ಒಲೆ ಹಚ್ಚುದಾ ಬೇಡ್ವಾ, ಅಷ್ಟು ಹೇಳು.”

ಚಿಕ್ಕಮ್ಮ ನನ್ನ ಮೊಬೈಲ್ ತೆಗೆದುಕೊಂಡರು. “ಅತ್ತಿಗೆ, ನಾನು. ಇವತ್ತು ಇವರ ಅಗೆಲು. ಹುರುಳಿ ಸಾರು ನೀವೇ ಬಂದು ಮಾಡ್ಬೇಕು.” ಆಚೆಯಿಂದ ಒಂದು ಸಣ್ಣ ಗದರಿಕೆ ನನಗೂ ಕೇಳಿತು: “ಬೇಯ್ಲಿಕ್ಕೆ ಇಟ್ಟಿದ್ದೀಯಾ ಇಲ್ವಾ? ಇಡು. ಬರ್ತೇನೆ.”

ಕಮಲಕ್ಕ ಎದ್ದು ಒಲೆ ಹಚ್ಚಿದರು.

ಮುಂದಿನ ಆಟಿಗೆ ಕಮಲಕ್ಕ ಇರಲಿಲ್ಲ. ಚಿಕ್ಕಮ್ಮ ಅಡುಗೆಗೆ ಬೇರೆ ಯಾರನ್ನೂ ಕರೆಯಲಿಲ್ಲ. ಅತ್ತಿಗೆ ಹಿಂದಿನ ದಿನವೇ ಬಸ್ಸಿನಲ್ಲಿ ಬಂದಿದ್ದರು. ಇಬ್ಬರೂ ಸೇರಿ ಬೇಯಿಸಿ, ಚಿಕ್ಕಪ್ಪನ ಎಲೆಯ ಪಕ್ಕದಲ್ಲಿ ಕಮಲಕ್ಕನಿಗೂ ಒಂದು ಎಲೆ ಹಾಕಿದರು.